ಆರು ಲಕ್ಷದ ಸೂಜಿ

ಖಾರೇವಾಡಿ, ಮಾಲವಣ ತಾಲೂಕು
೧೨ ನವೆಂಬರ್ ೧೯೮೪

ದ್ವಾರಕಕ್ಕನಿಗೆ ಸುಗಂಧಾಳ ನಮಸ್ಕಾರ.

ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡನ ಅಕ್ಕನಾದ ನಿಮಗೆ ನಾನಾಗಿ ಕಾಗದ ಬರೆಯುತ್ತಿರುವುದು ಇದೇ ಮೊದಲು. ಬಕುಳಾಳ ನಾಮಕರಣಕ್ಕೆ ನೀವು ಬಂದಾಗ ಎರಡು ದಿನವೂ ಕುರ್ಚಿ ಬಿಟ್ಟು ಏಳಲಿಲ್ಲ. ಮುಂಬೈಯಲ್ಲಿ ಆಸ್ಪತ್ರೆ ನೌಕರಿ ಮಾಡುವವರಿಗೆ ನಮ್ಮ ಮೀನಿನ ಅಂಗಳ ತುಳಿಯಲು ಮನಸ್ಸಿಲ್ಲವೇನೋ ಎಂದುಕೊಂಡು ನಾನೂ ದೂರವೇ ಉಳಿದೆ. ಈಗ ಆ ಮಾತು ಬದಿಗಿಟ್ಟು ಬರೆಯುತ್ತಿದ್ದೇನೆ.

ಬಕುಳಾಳಿಗೆ ಎರಡೂವರೆ ವರ್ಷ ತುಂಬಿತು. ನಿಂತರೆ ಎರಡು ಮೊಣಕಾಲುಗಳ ನಡುವೆ ತೆಂಗಿನಕಾಯಿ ತೂರುವಷ್ಟು ಜಾಗ. ಬಾತುಕೋಳಿಯಂತೆ ಓಲಾಡುತ್ತ ನಡೆಯುತ್ತಾಳೆ, ನಾಲ್ಕು ಹೆಜ್ಜೆಗೆ ಕೂತುಬಿಡುತ್ತಾಳೆ. ತಾಲೂಕಿನ ಪೇಟೆಯಲ್ಲಿ ಘಾಟೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದೆವು. ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಕರ್ಚೀಫನ್ನು ಮೂಗಿಗೆ ಹಿಡಿದರು. ಮಗುವಿನ ಮಣಿಕಟ್ಟು ಒತ್ತಿ ನೋಡಿ, ಇದು ರಿಕೆಟ್ಸ್, ಮೂಳೆ ಮೆತ್ತಗಾಗುವ ರೋಗ, ವಿಟಮಿನ್ ಡಿ ಇಲ್ಲದೆ ಬರುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಗೂನ ಕತ್ತಲೆ ಕೋಣೇಲಿ ಕೂಡಿಹಾಕಿ ಏನು ತಿನ್ನಿಸ್ತೀಯಮ್ಮ, ಬರೀ ಗಂಜಿನಾ?" ಎಂದು ಕೇಳಿದರು.

ಅಕ್ಕ, ನೀವೇ ಹೇಳಿ. ನಮ್ಮ ಮಕ್ಕಳು ಬೆಳಗಾದರೆ ಮರಳಿನಲ್ಲಿ, ಸಂಜೆಯಾದರೆ ಮರಳಿನಲ್ಲಿ. ಬಿಸಿಲು ಬೇಡವೆಂದರೂ ಬೆನ್ನು ಬಿಡುವುದಿಲ್ಲ. ಮೀನಿಲ್ಲದೆ ನಮ್ಮ ಮನೆಯಲ್ಲಿ ತಟ್ಟೆ ಇಡುವುದಿಲ್ಲ. ಅಷ್ಟೂ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಆರು ಲಕ್ಷ ಯೂನಿಟ್ಟಿನ ಒಂದು ಸೂಜಿ ಚುಚ್ಚಿದರು. ತಿಂಗಳು ಬಿಟ್ಟು ಮತ್ತೆ ಬರಬೇಕಂತೆ.

ಅತ್ತೆ, ನನ್ನ ಹಾಲೇ ನೀರು, ಅದಕ್ಕೇ ಹೀಗೆ ಎನ್ನುತ್ತಾರೆ. ಇವರು ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತರೆ ತಲೆಯೆತ್ತುವುದಿಲ್ಲ. ಚಿಕ್ಕಂದಿನಲ್ಲಿ ದೋಣಿ ಮೈಮೇಲೆ ಉರುಳಿ ಇವರ ಕಾಲು ಬಾಗಿತಲ್ಲ, ಆ ನೋವು ನೆನಪಾಗುತ್ತದೋ ಏನೋ, ಮಗಳ ಕಾಲಿನ ಮಾತೆತ್ತಿದರೆ ಎದ್ದು ಹೋಗುತ್ತಾರೆ. ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರರನ್ನು ಒಂದು ಮಾತು ಕೇಳಿ ಬರೆಯಿರಿ.

ಸುಗಂಧಾ


ಪರಳ, ಮುಂಬೈ
೩ ಡಿಸೆಂಬರ್ ೧೯೮೪

ಸುಗಂಧಾ,

ನಿನ್ನ ಕಾಗದ ತಲುಪಿತು. ನಾನು ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಎಣಿಸುವವಳು. ದೊಡ್ಡ ಡಾಕ್ಟರರ ಮುಂದೆ ನಿಂತು ಕೇಳುವಷ್ಟು ಸಲಿಗೆ ನನಗಿಲ್ಲ. ಅಲ್ಲಿಯ ಡಾಕ್ಟರು ಓದಿದವರು, ಹೇಳಿದ ಹಾಗೆ ಮಾಡು. ಸಾಧ್ಯವಾದರೆ ಒಂದು ಸಲ ಮಗುವಿನ ರಕ್ತ ಪರೀಕ್ಷೆ ಮಾಡಿಸಲು ಹೇಳು. ಮೂಳೆಯ ರೋಗಕ್ಕೆ ಇಲ್ಲಿ ಹಾಗೆ ಮಾಡಿಸುತ್ತಾರೆ.

ಬಕುಳಾಳಿಗೆ ಒಂದು ಉದ್ದ ಫ್ರಾಕು ಕಳಿಸಿದ್ದೇನೆ. ಆಯಿಗೆ ಮಗಳ ನಮಸ್ಕಾರ ತಿಳಿಸು. ತಂಗಿ ಇಂದುಮತಿಯ ಹಲ್ಲುನೋವು ಕಡಿಮೆಯಾಯಿತೇ?

ದ್ವಾರಕಾ


ಖಾರೇವಾಡಿ
೨೦ ಫೆಬ್ರವರಿ ೧೯೮೫

ದ್ವಾರಕಕ್ಕನಿಗೆ ನಮಸ್ಕಾರ.

ಫ್ರಾಕು ಪಾದದವರೆಗೆ ಬರುತ್ತದೆ. ಅತ್ತೆಗೆ ಬಹಳ ಹಿಡಿಸಿತು. ಯಾರಾದರೂ ಮನೆಗೆ ಬಂದರೆ ಮೊದಲು ಅದನ್ನೇ ತೊಡಿಸು ಎನ್ನುತ್ತಾರೆ.

ನೀವು ಹೇಳಿದಂತೆ ರಕ್ತ ಪರೀಕ್ಷೆಯ ಮಾತು ಎತ್ತಿದೆ. ಘಾಟೆ ಡಾಕ್ಟರು ನಕ್ಕುಬಿಟ್ಟರು. "ಮೀನಿನ ಬುಟ್ಟಿ ಹೊರೋರೂ ಈಗ ಡಾಕ್ಟರಿಕೆ ಕಲಿತರಾ? ಯಾರು ಹೇಳಿಕೊಟ್ಟರು?" ಎಂದರು. ನಿಮ್ಮ ಹೆಸರು ಹೇಳಲಿಲ್ಲ. ನಾಲ್ಕನೆಯ ಸೂಜಿಯೂ ಆಯಿತು. ಕಾಲು ಮಾತ್ರ ಇದ್ದ ಹಾಗೇ ಇದೆ. ಮೊದಲಿಗಿಂತ ಹೆಚ್ಚೇ ಬಾಗಿದೆ ಎಂದರೆ, ನಾನು ಎಣ್ಣೆ ಸರಿಯಾಗಿ ಕುಡಿಸುತ್ತಿಲ್ಲ ಎಂದು ಬೈಗುಳ. ಸೂಜಿಯ ಜೊತೆಗೆ ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆ ಬೇರೆ ದಿನಾ ಎರಡು ಚಮಚ. ಅತ್ತೆ ಮನೆಯಲ್ಲೇ ಕಾಯಿಸುತ್ತಾರೆ. ಮಗು ತುಟಿ ಬಿಗಿದರೆ ಮೂಗು ಹಿಡಿದು ಸುರಿಯುತ್ತಾರೆ. ಅವಳ ಬೆವರೂ ಅದೇ ನಾತ. ನನ್ನ ಮಗುವನ್ನು ಎತ್ತಿಕೊಂಡಾಗ ನನಗೇ ವಾಕರಿಕೆ ಬರುತ್ತದೆ. ಇದನ್ನು ಬೇರೆ ಯಾರಿಗೂ ಹೇಳಲಾರೆ.

ಹೋದ ಭಾನುವಾರ ಪೇಟೆಯಲ್ಲಿ ಆರೋಗ್ಯ ಶಿಬಿರವಿತ್ತು. ಬಕುಳಾಳನ್ನು ತಪ್ಪದೆ ಕರೆತರಬೇಕೆಂದು ಡಾಕ್ಟರು ಹೇಳಿಕಳಿಸಿದ್ದರು. ಹೊಸ ಔಷಧಿ ಇರಬಹುದೆಂದು ಹೋದೆ. ಹೂಹಾರ ಹಾಕಿಕೊಂಡವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗುವಿನ ಬಟ್ಟೆ ಬಿಚ್ಚಿಸಿ ಮೇಜಿನ ಮೇಲೆ ನಿಲ್ಲಿಸಿದರು. ಡಾಕ್ಟರು ಒಂದು ಕಡ್ಡಿ ಹಿಡಿದು ಅವಳ ಕಾಲು, ಪಕ್ಕೆಲುಬು, ಹಣೆ ತೋರಿಸುತ್ತ, ತಾಯಂದಿರ ಅಜ್ಞಾನ ಏನು ಮಾಡುತ್ತದೆ ನೋಡಿ ಎಂದು ಭಾಷಣ ಮಾಡಿದರು. ಮಗು ಹೆದರಿ ಮೇಜಿನ ಮೇಲೇ ಉಚ್ಚೆ ಹೊಯ್ದಿತು. ಜನ ನಕ್ಕರು. ನಾನು ಸೆರಗಿನಿಂದ ಮೇಜು ಒರೆಸಿದೆ. ಒರೆಸುತ್ತಿದ್ದಾಗ ಒಬ್ಬ ಫೋಟೋ ತೆಗೆದ.

ಮನೆಗೆ ಬಂದು ಆ ಸೀರೆಯನ್ನು ಒಲೆಗೆ ಹಾಕಿದೆ. ಒಗೆದರೆ ಹೋಗುವ ಹೊಲಸಲ್ಲ ಅದು.

ಸುಗಂಧಾ


ಖಾರೇವಾಡಿ
೯ ಮೇ ೧೯೮೫

ದ್ವಾರಕಕ್ಕನಿಗೆ,

ನನ್ನ ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಬರಲಿಲ್ಲ. ಎರಡೂವರೆ ತಿಂಗಳಾಯಿತು. ನಾನು ಬರೆದದ್ದರಲ್ಲಿ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಸಲ ಬಿಸಿಲು ವಿಪರೀತ. ಅದಕ್ಕೇ ಇರಬೇಕು, ಬಕುಳಾ ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ, ಕುಡಿದಷ್ಟೂ ಹೊಯ್ಯುತ್ತಾಳೆ. ಊಟ ಬಿಟ್ಟಿದ್ದಾಳೆ. ಮೀನಿನ ವಾಸನೆ ಬಂದರೆ ವಾಂತಿ. ಆರು ದಿನವಾಯಿತು, ಹೊರಗೆ ಹೋಗಿಲ್ಲ, ಹೊಟ್ಟೆ ಕಲ್ಲಾಗಿದೆ. ಒಂದೇ ಸಮಾಧಾನವೆಂದರೆ ಮೊದಲಿನಂತೆ ಹಟ ಮಾಡುವುದಿಲ್ಲ. ಎಲ್ಲಿ ಕೂರಿಸಿದರೆ ಅಲ್ಲಿಯೇ ಕೂತಿರುತ್ತಾಳೆ. ಅತ್ತೆ, ಹುಡುಗಿಗೆ ಈಗ ಬುದ್ಧಿ ಬಂತು ಎನ್ನುತ್ತಾರೆ.

ಆರು ಸೂಜಿ ಆದವು. ಏಳನೆಯದು ಇದೇ ೨೭ಕ್ಕೆ, ಸೋಮವಾರ. ಅದು ಬಿದ್ದರೆ ಹಸಿವು ತಾನಾಗಿ ಹುಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ನಿಮ್ಮ ಆರೋಗ್ಯ ಹೇಗಿದೆ?

ಸುಗಂಧಾ


ಪರಳ, ಮುಂಬೈ
೧೬ ಮೇ ೧೯೮೫
ತುರ್ತು ಅಂಚೆ

ಸುಗಂಧಾ,

ಏಳನೆಯ ಸೂಜಿ ಹಾಕಿಸಬೇಡ. ಎಣ್ಣೆಯ ಬಾಟಲಿಯನ್ನು ಈಗಲೇ ಚರಂಡಿಗೆ ಸುರಿ. ಹಾಲು, ಒಣಮೀನು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಬೇಡ. ನೀರು ಕೇಳಿದಷ್ಟು ಕೊಡು. ಈ ಕಾಗದ ಸಿಕ್ಕ ದಿನವೇ ಮಗುವನ್ನು ಎತ್ತಿಕೊಂಡು ಮುಂಬೈ ಬಸ್ಸು ಹತ್ತು. ಆಯಿ ಬೇಡವೆಂದರೆ ಕೇಳಬೇಡ. ನನ್ನ ತಮ್ಮ ಪುಂಡಲೀಕ ಬೇಡವೆಂದರೂ ಕೇಳಬೇಡ.

ಅದು ಬಿಸಿಲಲ್ಲ. ಬುದ್ಧಿ ಬಂದದ್ದೂ ಅಲ್ಲ. ವಿಟಮಿನ್ ಡಿ ಮೈಗೆ ಹೆಚ್ಚಾಗಿ ವಿಷವಾಗಿದೆ. ರಕ್ತದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಏರಿದರೆ ಹೀಗೇ ಆಗುತ್ತದೆ, ಬಾಯಾರಿಕೆ, ವಾಂತಿ, ಕಟ್ಟಿದ ಹೊಟ್ಟೆ, ಮಂಕು. ನನಗೆ ಗೊತ್ತಿರುವುದು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರಿಂದಲ್ಲ. ನನಗೇ ಆಗಿತ್ತು.

ಈಗ ಉಳಿದದ್ದು ಓದು. ಒಬ್ಬಳೇ ಓದು, ಆಮೇಲೆ ಪುಂಡಲೀಕನ ಮುಂದೆ ಗಟ್ಟಿಯಾಗಿ ಓದು.

ಅವನ ಮೇಲೆ ಯಾವ ದೋಣಿಯೂ ಉರುಳಿಲ್ಲ. ಆಯಿ ಹೇಳಿಕೊಳ್ಳುವಂತೆ ಅವಳ ಕಾಲು ಮೀನಿನ ಬುಟ್ಟಿ ಹೊತ್ತು ಬಾಗಿದ್ದಲ್ಲ. ನಮ್ಮ ಆಯಿಗೆ ಇದೇ ರೋಗ. ನನಗೆ ಇದೇ, ಪುಂಡಲೀಕನಿಗೆ ಇದೇ, ಇಂದುವಿನ ಗಿಡ್ಡ ಮೈಗೂ ಕೀವು ಕಟ್ಟುವ ಹಲ್ಲಿಗೂ ಇದೇ ಕಾರಣ ಎಂದು ನನ್ನ ಗುಮಾನಿ. ನಮಗೆ ಬಿಸಿಲು ಸಾಲದೆ ಬಂದದ್ದಲ್ಲ. ಮೂಳೆಗೆ ಬೇಕಾದ ಫಾಸ್ಫೇಟ್ ಎಂಬ ಸತ್ವ ನಮ್ಮ ಮೈಯಲ್ಲಿ ನಿಲ್ಲುವುದಿಲ್ಲ, ಮೂತ್ರದಲ್ಲಿ ಹರಿದುಹೋಗುತ್ತದೆ. ಆ ತೂತು ಹಾಗೇ ಇರುವಾಗ ಬರೀ ವಿಟಮಿನ್ ಸುರಿದರೆ, ಸೂರ್ಯನನ್ನೇ ನುಂಗಿಸಿದರೂ ಮೂಳೆ ಗಟ್ಟಿಯಾಗದು. ಸುಣ್ಣ ಹೋಗಿ ಮೂತ್ರಪಿಂಡದಲ್ಲಿ ಕೂರುತ್ತದೆ.

ನನ್ನನ್ನು ಹದಿಮೂರನೆಯ ವಯಸ್ಸಿಗೆ ಮುಂಬೈಗೆ ತಂದರು. ಎರಡು ವರ್ಷ ಲಕ್ಷಗಟ್ಟಲೆ ಯೂನಿಟ್ಟು ಕುಡಿಸಿದರು. ಆ ಕಾಲದಲ್ಲಿ ಗೊತ್ತಿದ್ದದ್ದು ಅಷ್ಟೇ, ಕುಡಿಸಿದವರನ್ನು ಬೈಯಲಾರೆ. ಹದಿನಾರಕ್ಕೆ ಕಾಲಿನ ಮೂಳೆ ಕತ್ತರಿಸಿ ನೇರ ಮಾಡಿದರು. ಹತ್ತೊಂಬತ್ತಕ್ಕೆ ಬಲಗಡೆಯ ಮೂತ್ರಪಿಂಡ ಕಲ್ಲುಗಳ ಚೀಲವಾಗಿದೆ ಎಂದು ತೆಗೆದುಹಾಕಿದರು. ನಾಮಕರಣಕ್ಕೆ ಬಂದಾಗ ನಾನು ಕುರ್ಚಿ ಬಿಟ್ಟು ಏಳದೆ ಇದ್ದದ್ದು ಜಂಬಕ್ಕಲ್ಲ. ಎದ್ದರೆ ನನ್ನ ನಡಿಗೆ ನೀನು ನೋಡುತ್ತಿದ್ದೆ.

ಪುಂಡಲೀಕನಿಗೆ ನಿನ್ನನ್ನು ಗೊತ್ತುಮಾಡಿದಾಗ ಆಯಿ ನನ್ನಿಂದ ಭಾಷೆ ತೆಗೆದುಕೊಂಡಳು. "ನಿನ್ನ ಬಾಳಂತೂ ಮುಗೀತು, ಪುಂಡಲೀಕನದು, ಇಂದುಮತಿಯದು ಕೆಡಿಸಬೇಡ. ಮದುವೆಗೂ ಬರಬೇಡ" ಎಂದಳು. ರಜೆ ಸಿಗಲಿಲ್ಲ ಎಂದು ತಂತಿ ಕಳಿಸಿದೆ.

ಇಷ್ಟೇ ಆಗಿದ್ದರೆ ಆಯಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿನ್ನ ಮೊದಲ ಕಾಗದದಲ್ಲೇ ಆರು ಲಕ್ಷದ ಸೂಜಿ ಎಂದು ಓದಿದೆ. ಅಂದೇ ನನಗೆ ತಿಳಿದಿತ್ತು. ಒಂದು ಸೂಜಿಗೆ ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡು, ನಿನಗೆ ಫ್ರಾಕು ಕಳಿಸಿದೆ. ಕಾಲು ಮುಚ್ಚುವಷ್ಟು ಉದ್ದದ್ದನ್ನೇ ಆರಿಸಿದೆ. ನಿನ್ನ ಶಿಬಿರದ ಕಾಗದ ಓದಿ ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹರಿದುಹಾಕಿದೆ. ಇಲ್ಲಿ ನಾನು ನನ್ನ ನಡಿಗೆಗೆ ಬೇರೇನೋ ನೆವ ಹೇಳಿ, ಹುಟ್ಟಿನಿಂದ ನೇರ ಕಾಲಿನವಳೆಂದು ಬದುಕುತ್ತಿದ್ದೇನೆ. ಆ ಬದುಕು ರೂಢಿಯಾಗಿಬಿಟ್ಟಿತ್ತು.

ನನ್ನನ್ನು ಕಂಡು ಎಷ್ಟು ಬೇಕಾದರೂ ಹೇಸಿಕೋ. ಮೊದಲು ಬಸ್ಸು ಹತ್ತು.

ದ್ವಾರಕಾ


ಖಾರೇವಾಡಿ
೨೮ ಜುಲೈ ೧೯೮೫

ದ್ವಾರಕಾಬಾಯಿಯವರಿಗೆ,

ನಿಮ್ಮ ಕೋಣೆಯಲ್ಲಿ ನಲವತ್ತೊಂದು ದಿನ ಇದ್ದೆ. ನಿಮ್ಮ ಚಾಪೆಯ ಮೇಲೆ ಮಲಗಿದೆ, ನೀವು ಮಾಡಿದ ಅನ್ನ ತಿಂದೆ. ಮಗು ಆಸ್ಪತ್ರೆಯ ಹಾಸಿಗೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದಾಗ ನಿಮ್ಮೊಡನೆ ಜಗಳ ಮಾಡುವ ತ್ರಾಣ ನನಗಿರಲಿಲ್ಲ. ಮಾಡುವಂತೆಯೂ ಇರಲಿಲ್ಲ, ವಾರ್ಡಿನ ಬಾಗಿಲುಗಳೆಲ್ಲ ನಿಮ್ಮಿಂದಲೇ ತೆರೆಯುತ್ತಿದ್ದವು. ಅಲ್ಲಿ ನುಂಗಿದ ಮಾತನ್ನು ಇಲ್ಲಿಂದ ಬರೆಯುತ್ತಿದ್ದೇನೆ.

ನನಗೆ ನಿಮ್ಮನ್ನು ನೆನೆದರೆ ಅಸಹ್ಯವಾಗುತ್ತದೆ. ಘಾಟೆ ಡಾಕ್ಟರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನನ್ನ ಮಗು ಆರು ಸಲ ಚೀರಿತು. ಅದರಲ್ಲಿ ಐದು ಸಲದ್ದು ನಿಮ್ಮ ಲೆಕ್ಕಕ್ಕೆ.

ನಿಮ್ಮ ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದ್ದನ್ನು ಇವರಿಗೆ ಹೇಳಿದೆ. ಇವರಿಗೆ ಹುಟ್ಟುವ ಹೆಣ್ಣುಮಕ್ಕಳಿಗೆಲ್ಲ ಇದು ಬರುತ್ತದೆ, ಗಂಡುಮಕ್ಕಳಿಗೆ ಒಬ್ಬರಿಗೂ ಬರುವುದಿಲ್ಲ ಎಂದೆ. ಇವರು ಸ್ಪಾನರ್ ಕೆಳಗಿಟ್ಟರು. ತಮ್ಮ ಕಾಲನ್ನೇ ನೋಡಿಕೊಂಡು, "ದೋಣಿ ಕಥೆ ನಾನೂ ನಂಬಿದ್ದೆ ಸುಗಂಧಾ. ನನಗೂ ಆಯಿ ಅದನ್ನೇ ಹೇಳಿದ್ದು" ಎಂದರು. ನಿಜವಿರಬಹುದು. ಪೂರ್ತಿ ನಂಬಲು ಈ ಮನೆ ನನಗೇನೂ ಉಳಿಸಿಲ್ಲ.

ಮುಂಬೈಯ ಕಾಗದಗಳನ್ನು ಹಿಡಿದು ಘಾಟೆ ಡಾಕ್ಟರರ ಹತ್ತಿರ ಹೋದೆ. ಫಾಸ್ಫೇಟ್ ಕಡಿಮೆ, ಸುಣ್ಣ ವಿಪರೀತ, ಎರಡೂ ಮೂತ್ರಪಿಂಡಗಳಲ್ಲಿ ಸುಣ್ಣದ ಚುಕ್ಕೆ ಎಂದು ಅದರಲ್ಲಿ ಬರೆದಿತ್ತಲ್ಲ. ಅವರು ಒಂದು ಹಾಳೆ ಓದಿ ಉಳಿದವನ್ನು ತಿರುವಿಹಾಕಿದರು. "ವಿಟಮಿನ್ ಕೊಟ್ಟು ಯಾರೂ ಸತ್ತಿಲ್ಲ. ದೊಡ್ಡೂರಿನೋರು ಏನಾದ್ರೂ ಒಂದು ಹೆಸರಿಡ್ತಾರೆ" ಎಂದರು. ಅವರ ತಲೆಯ ಹಿಂದೆ, ಚೌಕಟ್ಟು ಹಾಕಿಸಿದ ಶಿಬಿರದ ಫೋಟೋ ಇತ್ತು. ಬಕುಳಾ ಮೇಜಿನ ಮೇಲೆ, ನಾನು ಬಗ್ಗಿ ಒರೆಸುತ್ತ. ಕುರ್ಚಿ ಎಳೆದು ಹತ್ತಿ ಅದನ್ನು ಕೆಳಗಿಳಿಸಿಕೊಂಡೆ. ಕಾಯುತ್ತಿದ್ದ ಹೆಂಗಸರಿಗೆ ಆ ಕಾಗದ ಓದಿ ಹೇಳಿದೆ. ಅವರಲ್ಲಿ ಇಬ್ಬರು ಎದ್ದು ಹೋದರು. ಉಳಿದವರು ಮಗುವಿನ ತೋಳು ಮೇಲೆತ್ತಿಕೊಂಡು ಸೂಜಿಗೆ ಕಾದರು.

ಔಷಧಿ ಕೊಡುತ್ತಿದ್ದೇನೆ. ದಿನಕ್ಕೆ ಐದು ಸಲ, ನಾಲ್ಕು ತಾಸಿಗೊಮ್ಮೆ. ಆ ಫಾಸ್ಫೇಟ್ ನೀರನ್ನು ನಾನೂ ನೆಕ್ಕಿ ನೋಡಿದೆ, ತುಕ್ಕು ಹಿಡಿದ ಮೊಳೆಯನ್ನು ಉಪ್ಪಿನಲ್ಲಿ ಅದ್ದಿದ ಹಾಗಿದೆ. ಕುಡಿದರೆ ಭೇದಿ. ಬಕುಳಾ ನನ್ನ ಮುಖಕ್ಕೇ ಉಗಿಯುತ್ತಾಳೆ. ಒರೆಸಿಕೊಂಡು ಮತ್ತೆ ಕುಡಿಸುತ್ತೇನೆ.

ನನಗೆ ಕಾಗದ ಬರೆಯಬೇಡಿ.

ಸುಗಂಧಾ


ಪರಳ, ಮುಂಬೈ
೧೫ ಆಗಸ್ಟ್ ೧೯೮೫

ಸುಗಂಧಾ,

ನೀನು ಬೇಡವೆಂದರೂ ಇದೊಂದನ್ನು ಬರೆಯಲೇಬೇಕು. ನನ್ನ ಬಗ್ಗೆ ಅಲ್ಲ, ಔಷಧಿಯ ಬಗ್ಗೆ.

ಫಾಸ್ಫೇಟ್ ನೀರನ್ನು ಒಮ್ಮೆಲೇ ಕುಡಿಸಬೇಡ. ಕೋಕಂ ಶರಬತ್ತಿನಲ್ಲಿ ಬೆರೆಸಿ ಗುಟುಕು ಗುಟುಕಾಗಿ ಕೊಡಬಹುದೆಂದು ಡಾಕ್ಟರಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹಾಲಿನ ಜೊತೆ ಮಾತ್ರ ಬೇಡ. ಭೇದಿ ಒಂದೆರಡು ತಿಂಗಳಲ್ಲಿ ತಗ್ಗುತ್ತದೆ. ರಕ್ತದ ಸುಣ್ಣ ಇಳಿದಿದೆ, ಆದ್ದರಿಂದ ವಿಟಮಿನ್ ಡಿ ಮತ್ತೆ ಶುರುಮಾಡುತ್ತಾರಂತೆ. ಹೆದರಬೇಡ. ಇದು ಬೇರೆ ಬಗೆಯದು, ದಿನಕ್ಕೆ ಸಾಸಿವೆಯಷ್ಟು. ಫಾಸ್ಫೇಟಿನ ಜೊತೆಗೆ ಅದೂ ಬೇಕೇ ಬೇಕು, ಆದರೆ ತಿಂಗಳು ತಿಂಗಳು ರಕ್ತ, ಮೂತ್ರ ನೋಡಿಯೇ ಕೊಡಬೇಕು. ಮಾದರಿಯನ್ನು ಬಸ್ಸಿನಲ್ಲಿ ಕಳಿಸು, ನಿಲ್ದಾಣದಿಂದ ನಾನೇ ತರುತ್ತೇನೆ.

ಕಾಗದದಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ಮೇಲೆ ಹೊರಿಸಿದ ಇನ್ನೊಂದು ಕೆಲಸವಾಗುತ್ತದೆ. ವಾರ್ಡಿನ ಹುಡುಗಿಯರಿಗೆಲ್ಲ ನನ್ನ ಕಾಲಿನ ಕಥೆ ಹೇಳಿದೆ. ಯಾರೂ ನಗಲಿಲ್ಲ. ಇಷ್ಟು ವರ್ಷ ಯಾರಿಗೆ ಹೆದರಿದೆನೋ ತಿಳಿಯದು.

ದ್ವಾರಕಾ


ಖಾರೇವಾಡಿ
೧೯ ಜನವರಿ ೧೯೮೬

ದ್ವಾರಕಕ್ಕನಿಗೆ,

ಐದು ತಿಂಗಳು ಬಾಟಲಿಗಳಷ್ಟೇ ಬಂದು ಹೋದವು, ಅವುಗಳ ಜೊತೆ ನಾನು ಒಂದು ಸಾಲೂ ಇಡಲಿಲ್ಲ. ಇವತ್ತು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮೊನ್ನೆ ಇಂದುವನ್ನು ನೋಡಲು ದೇವಗಡದ ಕಡೆಯವರು ಬಂದಿದ್ದರು. ಹುಡುಗ, ಅವನ ತಾಯಿ, ಸೋದರಮಾವ. ಹುಡುಗನಿಗೆ ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸ, ಒಳ್ಳೆಯವನಂತೆ ಕಂಡ. ಹಿಂದಿನ ದಿನ ಇಂದುಮತಿ ಹಿತ್ತಲಿಗೆ ಬಂದು ನನ್ನ ಕೈ ಹಿಡಿದಿದ್ದಳು. "ವೈನಿ, ನಾಳೆ ಒಂದು ದಿನ ನೀನು ಬಾಯಿ ಬಿಡಬೇಡ. ನನಗೆ ಇಪ್ಪತ್ಮೂರಾಯ್ತು" ಎಂದಳು. ನಾನು ಹೂಂ ಎಂದೆ. ನನ್ನನ್ನು ಕೊಂದುಹಾಕಿದ ಮಾತು ಯಾವುದೋ ಅದಕ್ಕೇ ನಾನು ಹೂಂ ಎಂದೆ, ಅಕ್ಕ. ಅವಳ ಮುಖ ನೋಡಿ ಬೇರೇನೂ ಹೇಳಲು ಬಾಯಿ ಬರಲಿಲ್ಲ.

ಅತ್ತೆ ಬೆಳಗ್ಗೆಯೇ ಬಕುಳಾಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಔಷಧಿಯ ಹೊತ್ತಾಯಿತೆಂದು ಅವಳೇ ನಡೆದು ಬಂದುಬಿಟ್ಟಳು. ಈಗ ಕೂರದೆ ಅಷ್ಟು ದೂರ ನಡೆಯುತ್ತಾಳೆ. ಕಾಲು ಇನ್ನೂ ಬಾಗಿಯೇ ಇದೆ. ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದರು. ಹುಡುಗನ ತಾಯಿ ಮಗುವಿನ ಕಾಲನ್ನೂ ಇಂದುವಿನ ಎತ್ತರವನ್ನೂ ಒಂದಾದ ಮೇಲೊಂದರಂತೆ ನೋಡಿ, ಇದೇನು ಎಂದು ಕೇಳಿದಳು.

ಅತ್ತೆ ತಡಬಡಾಯಿಸಲಿಲ್ಲ. ತಟ್ಟೆಗೆ ಇನ್ನೊಂದು ಚಮಚ ಅವಲಕ್ಕಿ ಬಡಿಸುತ್ತ, "ಅದು ಅವಳ ಅಮ್ಮನ ಕಡೆದು. ನಮ್ಮ ರಕ್ತದಲ್ಲಿ ಅಂಥಾದ್ದೇನಿಲ್ಲ" ಎಂದರು.

ನನ್ನ ಮೈಯೆಲ್ಲ ಹೇಸಿಗೆ ಹರಿಯಿತು. ಅತ್ತೆಯ ಬಾಗಿದ ಕಾಲು ನನ್ನೆದುರಿಗೇ ಇತ್ತು. ಇವರು ಗೋಡೆ ನೋಡುತ್ತಿದ್ದರು. ಆದರೂ ನಾನು ಸುಮ್ಮನೆ ಕೂತೆ. ಕೊಟ್ಟ ಮಾತೊಂದೇ ಕಾರಣವಲ್ಲ. ಒಂದು ಮನೆ ಸಂತೋಷದಲ್ಲಿರುವಾಗ ಬಾಯಿ ತೆರೆದು ಅದನ್ನು ಒಡೆಯುವುದು ಎಷ್ಟು ಕಷ್ಟವೆಂದು ಆಗ ನನಗೆ ತಿಳಿಯಿತು. ನೀವು ಮಾಡಿದ್ದು ಸರಿ ಎಂದು ಹೇಳುತ್ತಿಲ್ಲ. ಅಂದು ನಾನೂ ಅದನ್ನೇ ಮಾಡಿದೆ, ಅಷ್ಟೇ.

ಮಾತಾಡಿದವಳು ಇಂದುಮತಿ. ಚಹಾದ ತಟ್ಟೆಯನ್ನು ನೆಲಕ್ಕಿಟ್ಟು, ತಲೆಯೆತ್ತಿ ಆ ಹೆಂಗಸನ್ನೇ ನೋಡುತ್ತ, "ವೈನಿ ಕಡೆದಲ್ಲ. ನಮ್ಮದು. ಆಯಿಗಿದೆ, ಅಣ್ಣನಿಗಿದೆ, ನನಗೂ ಇರಬೇಕು, ಪರೀಕ್ಷೆ ಮಾಡಿಸಿಲ್ಲ. ಇದ್ದರೆ ನನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಬರಬಹುದು. ಮೊದಲೇ ಗೊತ್ತಿದ್ದರೆ ಔಷಧಿ ಇದೆ" ಎಂದಳು. ಸೀರೆಯನ್ನು ಮೊಣಕಾಲಿನ ಕೆಳಗಿನವರೆಗೆ ಎತ್ತಿ ತೋರಿಸಿದಳು. ಅವಳ ಕಾಲೂ ಸ್ವಲ್ಪ ಬಾಗಿದೆ. ಐದು ವರ್ಷ ಒಂದೇ ಸೂರಿನಡಿ ಇದ್ದು ನಾನದನ್ನು ನೋಡಿರಲಿಲ್ಲ.

ಅವರು ಚಹಾ ಮುಗಿಸದೆ ಎದ್ದರು. ಹುಡುಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಏನೋ ಕೇಳುವವನಿದ್ದ, ಸೋದರಮಾವ ತೋಳು ಹಿಡಿದು ಎಳೆದುಕೊಂಡು ಹೋದ. ಮತ್ತೆ ಬರುತ್ತಾನೆಂದು ನನಗನ್ನಿಸುವುದಿಲ್ಲ.

ಅತ್ತೆ ಮೂರು ದಿನದಿಂದ ನಮ್ಮಿಬ್ಬರ ಜೊತೆ ಮಾತು ಬಿಟ್ಟಿದ್ದಾರೆ. ಅಂದು ಸಂಜೆ ಇಂದುಮತಿ ಬಹಳ ಅತ್ತಳು. ನನ್ನ ಮೇಲೂ ಸಿಟ್ಟಾದಳು. "ನಾನು ಬೇಡ ಅಂದರೂ ನೀನು ಹೇಳಬೇಕಿತ್ತು ವೈನಿ" ಎಂದಳು. ಮರುದಿನ ಎದ್ದು ಮುಖ ತೊಳೆದು, ಮುಂಬೈಯಲ್ಲಿ ರಕ್ತ ಕೊಡುವುದು ಎಲ್ಲಿ ಎಂದು ಕೇಳಿದಳು.

ಶುಕ್ರವಾರದ ಬಸ್ಸಿಗೆ ಬರುತ್ತಿದ್ದಾಳೆ. ಇವರೇ ಜೊತೆಗೆ ಬರುತ್ತಾರೆ, ತಮ್ಮದೂ ತೋರಿಸುತ್ತಾರಂತೆ. ಮುಂಜಾನೆ ನಿಲ್ದಾಣಕ್ಕೆ ಬನ್ನಿ. ಅವಳು ತುಂಬ ಪ್ರಶ್ನೆ ಕೇಳುತ್ತಾಳೆ. ಕೆಲವಕ್ಕೆ ಉತ್ತರ ಹೇಳಲು ನಿಮಗೆ ನಾಚಿಕೆಯಾಗುತ್ತದೆ. ಆದರೂ ಹೇಳಿ.

ಸುಗಂಧಾ